ಆರೈಕೆ ಮಾಡುವವರನ್ನು ಹೊರುವವರು ಯಾರು? ನೌವೆನ್ ಮತ್ತು ಫ್ರಾನ್ಸೆಸ್ ಯಂಗ್ ಅವರ ಎರಡು ಕೃತಿಗಳ ವಿಮರ್ಶಾತ್ಮಕ ಓದು

ಪಾಲನಾ ಸೇವೆಯ ಶಿಕ್ಷಣ ಪಡೆದವರಿಗೆ ಹೆನ್ರಿ ನೌವೆನ್ ಅವರ ಹೆಸರು ಅಪರಿಚಿತವಲ್ಲ. 1972ರಲ್ಲಿ ಪ್ರಕಟವಾದ ‘ದಿ ವೂಂಡೆಡ್ ಹೀಲರ್’ ಮೊದಲುಗೊಂಡು ಅವರ ಬರಹಗಳು ಪ್ರಸಂಗಗಳಲ್ಲಿಯೂ ಧ್ಯಾನಕೂಟಗಳಲ್ಲಿಯೂ ಮತ್ತೆ ಮತ್ತೆ ಪ್ರಸ್ತಾಪಗೊಳ್ಳುತ್ತ ಬಂದಿವೆ. ಅವರ ಮರಣಾನಂತರ, 1997ರಲ್ಲಿ, ಬೆಳಕು ಕಂಡ ‘ಆಡಮ್: ಗಾಡ್ಸ್ ಬಿಲವೆಡ್’ ಎಂಬ ಕಿರುಗ್ರಂಥವು ವಿಕಲಚೇತನರ ಮತ್ತು ದೀರ್ಘರೋಗಿಗಳ ಆರೈಕೆಯ ಕುರಿತು ಬೋಧಿಸುವವರಿಗೆ ಬಹಳ ಪ್ರಿಯವಾದುದು. ಇದಕ್ಕೆ ಹನ್ನೆರಡು ವರ್ಷ ಮೊದಲು, 1985ರಲ್ಲಿ, ಇಂಗ್ಲೆಂಡಿನ ದೈವಶಾಸ್ತ್ರಜ್ಞೆ ಫ್ರಾನ್ಸೆಸ್ ಯಂಗ್ ‘ಫೇಸ್ ಟು ಫೇಸ್’ ಎಂಬ ಕೃತಿಯನ್ನು ಪ್ರಕಟಿಸಿದ್ದರು. ಅದನ್ನು ಓದಿದವರು ನಮ್ಮಲ್ಲಿ ವಿರಳ. ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕೆಂಬುದು ಈ ಬರಹದ ಉದ್ದೇಶ. ಮೊದಲನೆಯದು ಆರೈಕೆಯಲ್ಲಿ ಅಡಗಿರುವ ಕೃಪೆಯನ್ನು ತೋರಿಸುತ್ತದೆ. ಆದರೆ ಆ ಕೃಪೆಯ ಅನುಭವವನ್ನು ಸಾಧ್ಯಗೊಳಿಸಿದ ಕೈಗಳನ್ನು ಅದು ಬಹುಮಟ್ಟಿಗೆ ಹಿನ್ನೆಲೆಯಲ್ಲಿಯೇ ಉಳಿಸುತ್ತದೆ. ಆ ಕೈಗಳಿಲ್ಲದ ಮನೆಗಳಲ್ಲಿ ಆ ಕೃಪೆಯನ್ನಷ್ಟೇ ಸಾರಿದರೆ ನಮ್ಮ ಸುವಾರ್ತೆಯೇ ಹೊರೆಯಾಗಿ ಪರಿಣಮಿಸುತ್ತದೆ.

ಆಡಮ್: ಒಂದು ಮುಂಜಾನೆಯ ದೈವಶಾಸ್ತ್ರ

1932ರಲ್ಲಿ ನೆದರ್ಲೆಂಡ್ಸಿನಲ್ಲಿ ಜನಿಸಿದ ನೌವೆನ್ ಕಥೋಲಿಕ ಗುರುಗಳು. ನೊಟ್ರೆ ಡೇಮ್, ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದ ಬಳಿಕ 1986ರಲ್ಲಿ ಅವರು ಕೆನಡಾದ ಟೊರಾಂಟೊ ನಗರದ ಸಮೀಪದಲ್ಲಿರುವ ‘ಡೇಬ್ರೇಕ್’ ಎಂಬ ಲಾರ್ಷ್ ಸಮುದಾಯಕ್ಕೆ ಪಾಲಕರಾಗಿ ಬಂದರು. ಬೌದ್ಧಿಕ ವೈಕಲ್ಯವುಳ್ಳವರೂ ಅವರ ಸಹಾಯಕರೂ ಒಂದೇ ಮನೆಯಲ್ಲಿ ಕೂಡಿ ಬಾಳುವುದು ಆ ಸಮುದಾಯದ ಕ್ರಮ. ಅಲ್ಲಿ ಅವರಿಗೆ ಒಪ್ಪಿಸಲ್ಪಟ್ಟ ಕೆಲಸಗಳಲ್ಲಿ ಆಡಮ್ ಎಂಬ ಯುವಕನ ಮುಂಜಾನೆಯ ಆರೈಕೆಯೂ ಒಂದು. ಆಡಮ್ ಮಾತಾಡಲಾರ, ತಾನಾಗಿ ಬಟ್ಟೆ ಧರಿಸಲಾರ, ಅಪಸ್ಮಾರದ ಸೆಳೆತಗಳು ಅವನನ್ನು ಆಗಾಗ ಬಾಧಿಸುತ್ತಿದ್ದವು. ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಕ್ಷೌರ ಮಾಡಿ, ಬಟ್ಟೆ ತೊಡಿಸಿ, ಉಪಾಹಾರ ಮಾಡಿಸಲು ಪ್ರತಿದಿನವೂ ಒಂದೂವರೆಯಿಂದ ಎರಡು ಗಂಟೆ ಬೇಕಾಗುತ್ತಿತ್ತು. ಮೊದಮೊದಲು ಭಯದಿಂದ ನಡುಗುತ್ತಿದ್ದ ಪ್ರಾಧ್ಯಾಪಕರು ಕ್ರಮೇಣ ಆ ಮೌನದ ಗಂಟೆಗಳಲ್ಲಿ ದೇವರ ಸಾನ್ನಿಧ್ಯವನ್ನು ಕಂಡುಕೊಂಡರು.

1996ರ ಫೆಬ್ರವರಿಯಲ್ಲಿ ಆಡಮ್ ತೀರಿಕೊಂಡ ನಂತರ ನೌವೆನ್ ಈ ಪುಸ್ತಕವನ್ನು ಬರೆಯತೊಡಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೂ ನಿಧನರಾದರು. ಆಡಮನ ಜೀವನವನ್ನು ಅವರು ಕ್ರಿಸ್ತನ ಜೀವನದ ಚೌಕಟ್ಟಿನಲ್ಲಿಟ್ಟು ನಿರೂಪಿಸುತ್ತಾರೆ. ಗುಪ್ತ ಜೀವನ, ಅಡವಿ, ಬಹಿರಂಗ ಜೀವನ, ಶ್ರಮೆ, ಮರಣ, ಪುನರುತ್ಥಾನ ಎಂಬ ಕ್ರಮದಲ್ಲಿ ಅಧ್ಯಾಯಗಳು ಸಾಗುತ್ತವೆ. ಉತ್ಪಾದಕತೆಯೊಂದನ್ನೇ ಮಾನದಂಡವಾಗಿಸಿಕೊಂಡ ಲೋಕದಲ್ಲಿ ಏನನ್ನೂ ‘ಸಾಧಿಸದ’ ಮನುಷ್ಯನೊಬ್ಬನ ಬಾಳನ್ನು ಕ್ರಿಸ್ತನ ಬಾಳಿನೊಡನೆ ಓದುವ ಈ ಧೈರ್ಯ ಸಾಮಾನ್ಯವಾದುದಲ್ಲ. ವಿಕಲಚೇತನ ಮಗುವಿನ ಜನನವನ್ನು ಪಾಪದ ಫಲವೆಂದೋ ಶಾಪವೆಂದೋ ಇಂದಿಗೂ ಪಿಸುಗುಟ್ಟುವ ನಮ್ಮ ಸಭೆಗಳಿಗೆ ಈ ಪುಸ್ತಕದ ಅಗತ್ಯವಿದೆ. ಮುಂದಿನ ಆಕ್ಷೇಪಗಳನ್ನು ಓದುವಾಗ ಈ ಮಾತು ಮರೆಯಾಗದಿರಲಿ.

ಕಾಣದ ಸರದಿ ಪಟ್ಟಿ

ಆಕ್ಷೇಪವು ಒಂದು ಸರಳ ಪ್ರಶ್ನೆಯಿಂದ ಹುಟ್ಟುತ್ತದೆ. ಆ ಎರಡು ಗಂಟೆಗಳು ಮುಗಿದ ನಂತರ ಆಡಮನನ್ನು ನೋಡಿಕೊಳ್ಳುತ್ತಿದ್ದವರು ಯಾರು? ಪುಸ್ತಕವನ್ನು ಎಚ್ಚರದಿಂದ ಓದಿದರೆ ಉತ್ತರ ಅಲ್ಲಿಯೇ ಇದೆ. ಉಪಾಹಾರದ ನಂತರ ಅವನು ಹಗಲಿನ ಚಟುವಟಿಕೆಯ ಕೇಂದ್ರಕ್ಕೆ ಹೋಗುತ್ತಿದ್ದನು. ಸಂಜೆ ಮತ್ತು ರಾತ್ರಿಯ ಹೊಣೆ ಇತರ ಸಹಾಯಕರದು. ಹೊಸಬರಾದ ನೌವೆನ್‌ರಿಗೆ ಕೆಲಸ ಕಲಿಸಿಕೊಟ್ಟವರೂ ಕರೆದಾಗ ಓಡಿ ಬರುತ್ತಿದ್ದವರೂ ಅವರೇ. ಆಡಮ್ ಇದ್ದ ಆ ಮನೆಯಲ್ಲಿ ನೌವೆನ್ ವಾಸಿಸಿದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಅನಂತರವೂ ಸ್ನೇಹ ಉಳಿಯಿತು, ದಿನನಿತ್ಯದ ಹೊಣೆ ಬೇರೆಯವರ ಕೈಗೆ ಹೋಯಿತು. ಹೀಗೆ ನೌವೆನ್ ಅನುಭವಿಸಿದ ಆ ಧ್ಯಾನಮಯ ಮುಂಜಾನೆಯ ಹಿಂದೆ ಒಂದು ಸರದಿ ಪಟ್ಟಿ ಇತ್ತು. ರಾತ್ರಿಯಿಡೀ ನಿದ್ರೆಗೆಟ್ಟವನಿಗೆ ಮುಂಜಾನೆಯು ಧ್ಯಾನದ ಹೊತ್ತಾಗುವುದು ಕಷ್ಟ. ಬೇರೊಬ್ಬರು ಎಚ್ಚರವಾಗಿದ್ದುದರಿಂದ ಅವರಿಗೆ ನಿದ್ರೆ ದೊರಕಿತು. ನಿದ್ರೆ ದೊರಕಿದ್ದರಿಂದ ಅವರ ಕಣ್ಣಿಗೆ ಆಡಮನ ಮುಖದಲ್ಲಿನ ಶಾಂತಿ ಕಾಣಿಸಿತು. ಇದು ಅವರ ಅನುಭವವನ್ನು ಹಗುರಗೊಳಿಸುವ ಮಾತಲ್ಲ, ಆ ಅನುಭವವು ಯಾವ ನೆಲದ ಮೇಲೆ ಬೆಳೆಯಿತೆಂಬುದನ್ನು ಗುರುತಿಸುವ ಮಾತು.

ಎರಡನೆಯ ಪ್ರಶ್ನೆ ಅಧ್ಯಾಯಗಳ ಹೆಸರಿಗೆ ಸಂಬಂಧಿಸಿದ್ದು. ಹೆತ್ತವರು ಆಡಮನನ್ನು ಮನೆಯಲ್ಲಿ ಸಾಕಿದ ವರ್ಷಗಳಿಗೆ ನೌವೆನ್ ಕೊಡುವ ಹೆಸರು ‘ಗುಪ್ತ ಜೀವನ’. ಬಹಿರಂಗ ಜೀವನ ಆರಂಭವಾಗುವುದು ಅವನು ಸಮುದಾಯಕ್ಕೆ ಬಂದ ಮೇಲೆ. ನೌವೆನ್ ಆ ತಂದೆತಾಯಿಯರ ಬಗ್ಗೆ ಗೌರವದಿಂದಲೇ ಬರೆಯುತ್ತಾರೆ. ಆದರೂ ನಜರೇತಿನ ಮೂವತ್ತು ವರ್ಷಗಳನ್ನು ಸುವಾರ್ತೆಗಳು ಕೆಲವೇ ವಾಕ್ಯಗಳಲ್ಲಿ ದಾಟಿ ಹೋಗುವಂತೆ, ಇಲ್ಲಿಯೂ ಅತಿ ದೀರ್ಘವಾದ ಮತ್ತು ಅತಿ ಕಠಿಣವಾದ ಆರೈಕೆಯ ಕಾಲವೇ ನೆರಳಿನಲ್ಲಿ ಉಳಿಯುತ್ತದೆ. ಮನೆಯೊಳಗಿನ ದುಡಿಮೆ ಗುಪ್ತವಾಗಿರುವುದು ಸ್ವಾಭಾವಿಕವೆಂದು ನಾವು ನಂಬುವುದಾದರೆ, ಅದನ್ನು ಗುಪ್ತವಾಗಿಸಿದವರು ಯಾರೆಂದು ಕೇಳುವುದನ್ನೇ ಮರೆಯುತ್ತೇವೆ. ದೈವಶಾಸ್ತ್ರಜ್ಞನೊಬ್ಬನು ಸಾಕ್ಷಿಯಾಗಿ ಬಂದ ಮೇಲಷ್ಟೇ ಆರೈಕೆಯು ದೈವಶಾಸ್ತ್ರವಾಗುವುದೋ? ಆ ತಾಯಿ ಅವನನ್ನು ಎತ್ತಿ ಸ್ನಾನಕ್ಕೆ ಕರೆದೊಯ್ದ ಸಾವಿರಾರು ಬೆಳಗುಗಳಿಗೂ ಅದೇ ಹೆಸರು ಸಲ್ಲಬೇಡವೋ?

ಮೂರನೆಯದಾಗಿ, ನೌವೆನ್ ಅವರ ಸ್ವಂತ ಕುಸಿತದ ಸಂಗತಿ. 1987ರ ಕೊನೆಯಲ್ಲಿ ಅವರು ತೀವ್ರ ಮಾನಸಿಕ ಸಂಕಟಕ್ಕೆ ಒಳಗಾದರು. ಅದಕ್ಕೆ ಆರೈಕೆಯ ದಣಿವು ಕಾರಣವಾಗಿರಲಿಲ್ಲ, ಒಂದು ಆಪ್ತ ಸ್ನೇಹ ಮುರಿದುದು ಕಾರಣವಾಗಿತ್ತು. ಆದರೂ ಆಗ ನಡೆದದ್ದು ನಮಗೆ ಪಾಠ. ಅವರು ಸುಮಾರು ಆರು ತಿಂಗಳು ಸಮುದಾಯದಿಂದ ದೂರವಿದ್ದು, ಸಮಾಲೋಚಕರ ನೆರವಿನಿಂದ ಚೇತರಿಸಿಕೊಂಡರು. ಆ ದಿನಗಳ ಟಿಪ್ಪಣಿಗಳೇ ಮುಂದೆ ‘ದಿ ಇನ್ನರ್ ವಾಯ್ಸ್ ಆಫ್ ಲವ್’ ಎಂಬ ಪುಸ್ತಕವಾದವು. ಅವರಿಲ್ಲದ ಕಾಲದಲ್ಲಿ ಆಡಮ್ ಹಸಿದಿರಲಿಲ್ಲ, ಸ್ನಾನವಿಲ್ಲದೆ ಉಳಿದಿರಲಿಲ್ಲ. ಕುಸಿಯುವ ಸ್ವಾತಂತ್ರ್ಯವೂ ಒಂದು ಸೌಲಭ್ಯವೇ. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಗೆ ಕುಸಿಯುವುದಕ್ಕೂ ಪುರುಸೊತ್ತಿಲ್ಲ.

ಲಾರ್ಷ್ ಸಮುದಾಯವನ್ನು ಆದರ್ಶವಾಗಿ ಮುಂದಿಡುವಾಗ ಇನ್ನೊಂದು ಎಚ್ಚರಿಕೆಯೂ ಅಗತ್ಯ. 1964ರಲ್ಲಿ ಫ್ರಾನ್ಸಿನಲ್ಲಿ ಅದನ್ನು ಸ್ಥಾಪಿಸಿದ ಜಾನ್ ವಾನಿಯೆ ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಹಲವು ಸ್ತ್ರೀಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಆ ಸಂಸ್ಥೆಯೇ ನೇಮಿಸಿದ ವಿಚಾರಣೆ 2020ರಲ್ಲಿ ಬಯಲಿಗೆ ತಂದಿತು. ಆರೈಕೆ ಮಾಡುವವರನ್ನು ಸಂತರನ್ನಾಗಿಸುವ ಭಾಷೆ ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಸ್ಥಾಪಕನ ಪಾಪದಿಂದ ಕೂಡಿಬಾಳುವ ಆ ಕ್ರಮದ ಬೆಲೆ ಇಲ್ಲವಾಗುವುದಿಲ್ಲ. 1970ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಶಾ ನಿಕೇತನವು ಅದೇ ಪರಂಪರೆಯದು. ಹಂಚಿಕೊಂಡು ಹೊರುವ ಆರೈಕೆ ನಮ್ಮ ನೆಲಕ್ಕೆ ಹೊರಗಿನದೆಂದು ಹೇಳುವಂತಿಲ್ಲ.

ಫೇಸ್ ಟು ಫೇಸ್: ತಾಯಿಯೊಬ್ಬಳ ದೈವಶಾಸ್ತ್ರ

ಫ್ರಾನ್ಸೆಸ್ ಯಂಗ್ ಸಭಾಪಿತೃಗಳ ಕಾಲದ ದೈವಶಾಸ್ತ್ರದಲ್ಲಿ ಪರಿಣತರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1984ರಲ್ಲಿ ಮೆಥೊಡಿಸ್ಟ್ ಸಭೆಯಲ್ಲಿ ಗುರುದೀಕ್ಷೆ ಪಡೆದರು. ಅವರ ಹಿರಿಯ ಮಗ ಆರ್ಥರ್ 1967ರಲ್ಲಿ ಜನಿಸಿದಾಗಲೇ ಅವನ ಮಿದುಳಿಗೆ ತೀವ್ರ ಹಾನಿಯಾಗಿತ್ತು. ‘ಫೇಸ್ ಟು ಫೇಸ್’ ಪುಸ್ತಕವು ಈ ತಾಯಿ ಮೊದಲು ಮಗನ ಕಥೆ ಹೇಳಿ, ಅನಂತರ ಅದರಿಂದ ಎದ್ದ ಪ್ರಶ್ನೆಗಳನ್ನು ದೈವಶಾಸ್ತ್ರಕ್ಕೆ ಒಡ್ಡುವ ಪ್ರಯತ್ನ.

ಇಲ್ಲಿನ ಸ್ವರವೇ ಬೇರೆ. ಮಗುವಿನ ಊಟ, ನಿದ್ರೆ, ಕಾಯಿಲೆ ಇವೆಲ್ಲ ಇಲ್ಲಿ ಧ್ಯಾನದ ವಸ್ತುಗಳಾಗುವುದಕ್ಕೆ ಮುಂಚೆ ದಿನಚರಿಯ ಸಂಗತಿಗಳು. ದಣಿವು ಇದೆ, ಕೋಪವಿದೆ, ದೇವರು ಇದ್ದಾನೆಯೇ ಎಂಬ ಸಂಶಯ ದೀರ್ಘಕಾಲ ಕಾಡಿದ್ದನ್ನು ಮುಚ್ಚಿಡದ ಪ್ರಾಮಾಣಿಕತೆ ಇದೆ. ಈ ಕಷ್ಟವನ್ನು ದೇವರು ಒಳ್ಳೆಯದಕ್ಕಾಗಿಯೇ ಕಳುಹಿಸಿದನೆಂಬ ಸುಲಭ ಉತ್ತರವನ್ನು ಯಂಗ್ ಒಪ್ಪುವುದಿಲ್ಲ. ಅವರು ಕೊನೆಗೆ ತಲುಪುವುದು ಶಿಲುಬೆಯ ಬಳಿಗೆ: ಸೃಷ್ಟಿಯಲ್ಲಿ ಕೆಟ್ಟುಹೋದದ್ದರ ಹೊಣೆಯನ್ನು ದೇವರು ಬೇರೆ ಯಾರ ಮೇಲೂ ಹೊರಿಸದೆ, ಶಿಲುಬೆಯಲ್ಲಿ ತಾನೇ ಹೊರುತ್ತಾನೆಂಬ ತಿಳಿವಳಿಕೆಗೆ. ಪ್ರಾಯಶ್ಚಿತ್ತದ ಸಿದ್ಧಾಂತವನ್ನು ತರಗತಿಯಲ್ಲಿ ಕಲಿಯುವ ನಮಗೆ, ಅದೇ ಸಿದ್ಧಾಂತ ತೊಟ್ಟಿಲ ಬದಿಯಲ್ಲಿ ಪರೀಕ್ಷೆಗೊಳಗಾದುದನ್ನು ಇಲ್ಲಿ ಕಾಣಬಹುದು. ಹೊಣೆ ಹೊರುವ ದೇವರನ್ನು ಸಾರುವ ಸಭೆಯು ತಾನು ಹೊಣೆ ಹೊರದಿದ್ದರೆ ಅದರ ಪ್ರಸಂಗಕ್ಕೂ ಅದರ ಬಾಳಿಗೂ ಸಂಬಂಧವೇ ಉಳಿಯುವುದಿಲ್ಲ.

ಯಂಗ್ ಅವರ ಕೃತಿಗೂ ಮಿತಿಗಳಿವೆ. ಅವರಿಗೆ ಪತಿಯ ಸಹಭಾಗವಿತ್ತು, ವೇತನವಿತ್ತು, ವಿಶೇಷ ಶಾಲೆಯಿದ್ದ ಕಲ್ಯಾಣರಾಜ್ಯದ ಆಸರೆಯಿತ್ತು. ಇವುಗಳಲ್ಲಿ ಒಂದೂ ಇಲ್ಲದ ತಾಯಿಗೆ ಪುಸ್ತಕ ಬರೆಯುವುದಿರಲಿ, ಓದುವ ಬಿಡುವೂ ಇರಲಾರದು. ಇನ್ನೂ ಸೂಕ್ಷ್ಮವಾದ ಮಾತೊಂದಿದೆ. 2014ರಲ್ಲಿ ಪ್ರಕಟವಾದ ‘ಆರ್ಥರ್ಸ್ ಕಾಲ್’ ಎಂಬ ಕೃತಿಯಲ್ಲಿ ಅವರು ಆರ್ಥರನಿಗೂ ದೇವರ ಕರೆಯೊಂದಿದೆಯೆಂಬ ಕೃತಜ್ಞತೆಯ ನೆಲೆಗೆ ಬಂದಿದ್ದಾರೆ. ಮೇಲುನೋಟಕ್ಕೆ ಇದು ನೌವೆನ್ ಅವರ ನಿಲುವಿಗೆ ಹತ್ತಿರವಾದದ್ದೇ. ಆದರೆ ಯಂಗ್ ಆ ಮಾತನ್ನು ಹೇಳುವುದು ನಾಲ್ಕು ದಶಕಗಳಿಗೂ ಮೀರಿದ ಆರೈಕೆಯ ನಂತರ. ದೀರ್ಘ ದಾರಿ ನಡೆದು ತಲುಪಿದವಳು ನುಡಿಯುವ ಕೃತಜ್ಞತೆ ಸಾಕ್ಷಿ. ಅದನ್ನೇ ಪಾಲಕನು ದಾರಿಯ ಆರಂಭದಲ್ಲಿ ನಿಂತವಳ ಮೇಲೆ ಹೇರಿದರೆ ಕ್ರೌರ್ಯ. ಒಂದೇ ವಾಕ್ಯವನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆಂಬುದನ್ನು ಪಾಲನಾ ದೈವಶಾಸ್ತ್ರವು ಎಂದಿಗೂ ಕಡೆಗಣಿಸಲಾಗದು.

ನಮ್ಮ ಮನೆಗಳು, ನಮ್ಮ ಪ್ರಸಂಗಗಳು

ಈ ಎರಡು ಪುಸ್ತಕಗಳನ್ನು ಮುಚ್ಚಿಟ್ಟು ನಮ್ಮ ಸಭೆಗಳತ್ತ ತಿರುಗೋಣ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋದ ಮನೆಗಳಲ್ಲಿ ಪಾರ್ಶ್ವವಾಯು ಬಡಿದ ತಂದೆಯನ್ನು, ಮರೆವಿನ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಉಳಿಯುವವರು ಸಾಮಾನ್ಯವಾಗಿ ಒಬ್ಬರೇ. ಬಹುಮಟ್ಟಿಗೆ ಅವರು ಪತ್ನಿ, ಸೊಸೆ ಅಥವಾ ಮದುವೆಯಾಗದೆ ಉಳಿದ ಮಗಳು. ಹಾಸಿಗೆ ಹುಣ್ಣಾಗದಂತೆ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ರಾತ್ರಿಯೆಂದು ಅದಕ್ಕೆ ವಿನಾಯಿತಿಯಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮಕ್ಕಳ ಪಾಲನೆಯೂ ಸೇರಿದಂತೆ ಮನೆಯವರ ಆರೈಕೆಗೆ ವೇತನವಿಲ್ಲದೆ ದುಡಿಯುವ ಸ್ತ್ರೀಯರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಪುರುಷರು 76 ನಿಮಿಷಗಳನ್ನೂ ವ್ಯಯಿಸುತ್ತಾರೆ. ಪಾಲಕರು ಇಂಥ ಮನೆಗೆ ಭೇಟಿ ಕೊಟ್ಟಾಗ ರೋಗಿಯ ಹಾಸಿಗೆಯ ಬಳಿ ನಿಂತು ರೋಗಿಗಾಗಿ ಪ್ರಾರ್ಥಿಸುತ್ತಾರೆ. ಆ ಹೊತ್ತಿಗೆ ಆರೈಕೆ ಮಾಡುವವಳು ಅಡುಗೆಮನೆಯಲ್ಲಿ ಪಾಲಕರಿಗಾಗಿ ಕಾಫಿ ಮಾಡುತ್ತಿರುತ್ತಾಳೆ. ಪ್ರಾರ್ಥನೆಯಲ್ಲಿ ಅವಳ ಹೆಸರು ಬರುವುದು ಅಪರೂಪ. ಬಂದರೂ ಅವಳ ತಾಳ್ಮೆಗಾಗಿ ಸ್ತೋತ್ರ ಸಲ್ಲಿಸುವಾಗ ಮಾತ್ರ.

ಭಾನುವಾರದ ಪ್ರಸಂಗದಲ್ಲಿ ಅವಳು ಎರಡು ವಚನಗಳನ್ನು ಕೇಳುತ್ತಾಳೆ. ಮೊದಲನೆಯದು 1 ಕೊರಿಂಥ 10:13. ಶೋಧನೆಯ ಸಂದರ್ಭದಲ್ಲಿ ಹೇಳಿದ ಆ ಮಾತನ್ನು, ದೇವರು ಹೊರಲಾಗದಷ್ಟು ಕಷ್ಟವನ್ನು ಕೊಡುವುದಿಲ್ಲವೆಂಬ ಸಾಮಾನ್ಯ ನಿಯಮವಾಗಿ ತಿರುಗಿಸಲಾಗುತ್ತದೆ. ಆಗ ಸೋತುಹೋದವಳು ತನ್ನ ಸೋಲನ್ನು ನಂಬಿಕೆಯ ಕೊರತೆಯೆಂದು ತಿಳಿಯುತ್ತಾಳೆ. ಎರಡನೆಯದು 1 ತಿಮೊಥೆಯ 5:8, ಸ್ವಂತ ಕುಟುಂಬವನ್ನು ಸಂರಕ್ಷಿಸದವನು ಅವಿಶ್ವಾಸಿಗಿಂತ ಕೆಟ್ಟವನೆಂಬ ಎಚ್ಚರಿಕೆ. ಆದರೆ ಅದೇ ಅಧ್ಯಾಯವನ್ನು ಪೂರ್ತಿ ಓದಿದರೆ, ಆ ಸಭೆಯಲ್ಲಿ ವಿಧವೆಯರ ಪಟ್ಟಿಯೊಂದಿತ್ತು, ಅವರ ಪೋಷಣೆಗೆ ಏರ್ಪಾಡಿತ್ತು, ಯಾರನ್ನು ಸಭೆ ನೋಡಿಕೊಳ್ಳಬೇಕೆಂಬ ಚರ್ಚೆ ನಡೆದಿತ್ತು ಎಂಬುದು ಕಾಣುತ್ತದೆ. ಸಭೆ ಆಗಲೇ ಹೊರುತ್ತಿದ್ದುದರಿಂದಲೇ ಕುಟುಂಬಗಳು ತಮ್ಮ ಪಾಲನ್ನು ಜಾರಿಸಬಾರದೆಂಬ ಎಚ್ಚರಿಕೆ ಬೇಕಾಯಿತು. ಪಟ್ಟಿಯೂ ಇಲ್ಲದ, ನಿಧಿಯೂ ಇಲ್ಲದ ಸಭೆಯ ಪೀಠದಿಂದ ಎಂಟನೆಯ ವಚನವನ್ನು ಮಾತ್ರ ಸಾರುವುದು ಆ ಪತ್ರಿಕೆಯ ಅರ್ಥವನ್ನು ತಲೆಕೆಳಗು ಮಾಡಿದಂತೆ.

ನಾಗರಿಕ ಕಾನೂನಿನ ನಿಲುವೂ ಗಮನಾರ್ಹ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಅಧಿನಿಯಮವು ಮಕ್ಕಳ ಹೊಣೆಯನ್ನು ಸ್ಪಷ್ಟವಾಗಿ ನಮೂದಿಸುತ್ತದೆ, ಆದರೆ ಆ ಹೊಣೆಯನ್ನು ಹೊರುವವರ ದಣಿವಿನ ಬಗ್ಗೆ ಮೌನವಾಗಿದೆ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು ಒಂದು ಹೆಜ್ಜೆ ಮುಂದಿಟ್ಟಿತು. ವೇತನವಿಲ್ಲದೆ ಆರೈಕೆ ಮಾಡುವ ಹೆತ್ತವರನ್ನೂ ಕುಟುಂಬದವರನ್ನೂ ಅದು ‘ಆರೈಕೆದಾರ’ ಎಂಬ ಪದದೊಳಗೆ ಸೇರಿಸಿತು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಪ್ರಸ್ತಾಪಿಸಿತು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಿಂದ ಆರಂಭವಾದ ಉಪಶಮನ ಆರೈಕೆಯ ಕಾರ್ಯವು ಸಾಮಾನ್ಯ ನೆರೆಹೊರೆಯವರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳುಹಿಸುವ ಜಾಲವಾಗಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ನೆರೆಹೊರೆಯವರು ಇದನ್ನು ಮಾಡಬಲ್ಲರಾದರೆ, ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಪ್ರತಿ ವಾರ ಕೇಳುವ ಸಭೆಗೆ ಅದು ಅಸಾಧ್ಯವೆನ್ನಲು ಕಾರಣವಿಲ್ಲ.

ಮೋಶೆಯ ದೂರು

ಆರೈಕೆ ಮಾಡುವವರ ಕುರಿತು ಬೋಧಿಸಲು ಸತ್ಯವೇದದಲ್ಲಿ ನಾವು ಆರಿಸಬೇಕಾದ ಭಾಗ ಅರಣ್ಯಕಾಂಡದ 11ನೆಯ ಅಧ್ಯಾಯವೆಂದು ನನಗೆ ತೋರುತ್ತದೆ. ಅಲ್ಲಿ ಮೋಶೆ ದೇವರೆದುರು ದೂರುತ್ತಾನೆ. ಈ ಜನರನ್ನೆಲ್ಲ ನಾನು ಹೆತ್ತೆನೋ, ಮೊಲೆಗೂಸನ್ನು ಎತ್ತಿಕೊಳ್ಳುವ ದಾದಿಯಂತೆ ಇವರನ್ನು ಎದೆಗವಚಿಕೊಂಡು ನಡೆಯಬೇಕೋ ಎಂದು ಕೇಳುತ್ತಾನೆ. ಹೀಗೆಯೇ ಮುಂದುವರಿಯುವುದಾದರೆ ತನ್ನನ್ನು ಕೊಂದುಬಿಡೆಂದು ಬೇಡುತ್ತಾನೆ. ಮೂಲ ಹೀಬ್ರೂ ಭಾಷೆಯಲ್ಲಿ ಇಲ್ಲಿರುವ ‘ಓಮೇನ್’ ಎಂಬ ಪದ ಪುಲ್ಲಿಂಗದ್ದೆಂಬುದು ವಿಶೇಷ: ಕೂಸನ್ನೆತ್ತಿ ನಡೆಯುವವನು ಗಂಡಸು. ಆರೈಕೆಯನ್ನು ಹೆಣ್ಣಿನ ಸ್ವಭಾವವೆಂದು ಪಕ್ಕಕ್ಕಿಡುವವರಿಗೆ ಈ ಒಂದು ಪದವೇ ಸಾಕಾದ ಉತ್ತರ.

ಅದಕ್ಕಿಂತ ಮುಖ್ಯವಾದುದು ದೇವರ ಪ್ರತ್ಯುತ್ತರ. ಸಾವನ್ನು ಬೇಡಿದ ಮೋಶೆಯನ್ನು ದೇವರು ಗದರಿಸಲಿಲ್ಲ. ನಂಬಿಕೆ ಸಾಲದೆಂದು ಹೇಳಲಿಲ್ಲ. ಅವನ ಶಕ್ತಿಯನ್ನು ಇಮ್ಮಡಿಗೊಳಿಸುವೆನೆಂದೂ ವಾಗ್ದಾನ ಮಾಡಲಿಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕರೆದುಕೊಂಡು ಬಾ ಎಂದನು. ಮೋಶೆಯ ಮೇಲಿದ್ದ ಆತ್ಮವನ್ನೇ ಅವರಿಗೂ ಹಂಚಿ, ಇನ್ನು ಮುಂದೆ ಅವನು ಒಬ್ಬನೇ ಹೊರದಂತೆ ಏರ್ಪಡಿಸಿದನು. ದಣಿದವನ ದೂರಿಗೆ ದೇವರ ಉತ್ತರ ಒಂದು ಸರದಿ ಪಟ್ಟಿ. ನೌವೆನ್ ಅವರ ಪುಸ್ತಕದ ಹಿಂದೆ ಮರೆಯಾಗಿ ನಿಂತಿದ್ದುದು ಇಲ್ಲಿ ಪ್ರಕಟನೆಯ ನಡುಮಧ್ಯದಲ್ಲಿಯೇ ಇದೆ.

ಆದ್ದರಿಂದ ‘ಆಡಮ್’ ಕೃತಿಯನ್ನು ಪಠ್ಯದಿಂದ ತೆಗೆದುಹಾಕಬೇಕೆಂಬುದು ಈ ವಿಮರ್ಶೆಯ ನಿಲುವಲ್ಲ. ಅದನ್ನು ‘ಫೇಸ್ ಟು ಫೇಸ್’ನೊಡನೆ ಓದಬೇಕು, ಎರಡನ್ನೂ ಅರಣ್ಯಕಾಂಡದ ಬೆಳಕಿನಲ್ಲಿ ಓದಬೇಕು. ಹಾಗೆ ಓದಿದ ವಿದ್ಯಾರ್ಥಿಯು ನಾಳೆ ಪಾಲಕನಾದಾಗ ಅವನ ಭೇಟಿಯ ಕ್ರಮ ಬದಲಾಗಬೇಕು. ರೋಗಿ ಹೇಗಿದ್ದಾರೆಂದು ಕೇಳಿದ ಮೇಲೆ, ಕಳೆದ ರಾತ್ರಿ ನೀವು ಎಷ್ಟು ಹೊತ್ತು ನಿದ್ರೆ ಮಾಡಿದಿರಿ ಎಂದು ಆರೈಕೆ ಮಾಡುವವರನ್ನು ಕೇಳುವುದನ್ನು ಅವನು ಕಲಿಯಬೇಕು. ವಾರಕ್ಕೆ ಎರಡು ಮಧ್ಯಾಹ್ನ ರೋಗಿಯ ಬಳಿ ಕೂರಲು ಸ್ತ್ರೀ ಸಂಘದವರಷ್ಟೇ ಅಲ್ಲ, ಸಭಾಸಮಿತಿಯ ಗಂಡಸರೂ ಸಿದ್ಧರಾಗಬೇಕು. ಮಗ್ಗುಲು ಬದಲಾಯಿಸುವುದನ್ನೂ ನುಂಗಲಾಗದವರಿಗೆ ಉಣಿಸುವುದನ್ನೂ ದಾದಿಯೊಬ್ಬರಿಂದ ಕಲಿಯಬೇಕು. ವಾರ್ಷಿಕ ಬಜೆಟ್ಟಿನಲ್ಲಿ ಕಟ್ಟಡದ ಬಣ್ಣಕ್ಕೆ ಹಣ ತೆಗೆದಿಡುವ ಸಭೆಯು ಬಾಡಿಗೆಗೆ ತರುವ ಆರೈಕೆಯ ಮಂಚಕ್ಕೂ, ಒಂದು ವಾರದ ಬಿಡುವಿನ ಶುಶ್ರೂಷೆಗೂ ಒಂದು ಸಾಲು ಬರೆಯಬೇಕು. ಇದೆಲ್ಲ ಸಮಾಜಸೇವೆ, ದೈವಶಾಸ್ತ್ರವಲ್ಲ ಎನ್ನುವವರು ಇರಬಹುದು. ಆದರೆ ಎಪ್ಪತ್ತು ಮಂದಿಯನ್ನು ಗುಡಾರದ ಬಳಿಗೆ ಕರೆಸಿ ತನ್ನ ಆತ್ಮವನ್ನು ಅವರ ಮೇಲೆ ಇಳಿಸಿದ ದೇವರು ಹಾಗೆ ವಿಂಗಡಿಸಲಿಲ್ಲ. ಅಲ್ಲಿ ಆತ್ಮವು ಇಳಿದದ್ದು ಭಾರವನ್ನು ಹಂಚಿಕೊಳ್ಳುವುದಕ್ಕಾಗಿಯೇ.